ಬಾನೆಟ್ಟಿನ ಮೇಲಿನ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜಿನ ಆಚೀಚೆ ಇರುವ ಚಹಾದಂಗಡಿಗಳಲ್ಲಿ ಅರ್ಧ ತಾಸು ಸುಮ್ಮನೆ ಕೂತವರಿಗೆ ಈ ಊರಲ್ಲಿ ಮಟ್ಕಾ ಜೋರಾಗಿದೆ ಎಂಬ ಅನುಮಾನ ಬಂದರೆ ತಪ್ಪೇನಿಲ್ಲ. ಒಬ್ಬ ‘ನಾ 5204 ಬಿಟ್ಟೆ, ಈ ಸಲ 15048ಕ್ಕ ಬಂದೀನಿ’ ಅನ್ನುತ್ತಾನೆ. ಇನ್ನೊಬ್ಬ ‘5531 ಬಿದ್ದೋತಪಾ’ ಎಂದು ತಲೆಯ ಮೇಲೆ ಕೈ ಇಡುತ್ತಾನೆ. ಮೂಲೆಯಲ್ಲಿ ಬೀಡಿ ಹಚ್ಚುತ್ತ ಕೂತವನು ‘5310 ಸಿಕ್ಕರ ಹೇಳು, ಹಳೇದಾದರೂ ನಡೀತದ’ ಎಂದು ಫೋನಿನಲ್ಲಿ ಯಾರಿಗೋ ಗಂಟುಬಿದ್ದಿರುತ್ತಾನೆ. ಪೊಲೀಸರು ಬರುವ ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯವನದು ಭತ್ತ, ಎರಡನೆಯವನದು ಮೆಣಸಿನಕಾಯಿ, ಮೂರನೆಯವನದು ಟ್ರ್ಯಾಕ್ಟರ್.

ನಮ್ಮ ಜಿಲ್ಲೆಯ ರೈತರಷ್ಟು ಅಂಕಿಗಳ ನಡುವೆ ಬಾಳುವೆ ಮಾಡುವವರು ಬ್ಯಾಂಕಿನಲ್ಲೂ ಸಿಗಲಿಕ್ಕಿಲ್ಲ. ಮಾನ್ವಿ ಕಡೆಯವರನ್ನು ಹೊಲ ಎಲ್ಲಿ ಬರುತ್ತದೆ ಎಂದು ಕೇಳಿದರೆ ಊರಿನ ಹೆಸರಿಗಿಂತ ಮೊದಲು ‘76ರ ಕೆಳಗ’ ಎಂದು ಕಾಲುವೆಯ ನಂಬರು ಹೇಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ 104ನೇ ಮೈಲಿನಲ್ಲಿ ಗೇಜ್ ಎಷ್ಟಿದೆ ಎಂಬುದು ಎರಡನೇ ಬೆಳೆಯ ಹೊತ್ತಿಗೆ ಪತ್ರಿಕೆಯ ಸುದ್ದಿಯೂ ಹೌದು, ರಸ್ತೆ ತಡೆಯ ಘೋಷಣೆಯೂ ಹೌದು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆಯ ನೀರು ಬಂದಮೇಲೆ ಮೆಣಸಿನಕಾಯಿ, ಹತ್ತಿ, ಭತ್ತದ ಬೀಜದ ಚೀಲಗಳ ಮೇಲಿನ ಅಂಕಿಗಳೂ ಮನೆಮಾತಾದವು. ಒಂದು ಮದುವೆಯ ಪಂಕ್ತಿಯಲ್ಲಿ ನಾನೇ ಕೇಳಿದ ಮಾತುಕತೆ ಇದು. ಮೆಣಸಿನಕಾಯಿ ತಲೆಯಲ್ಲಿದ್ದವರು ಪಕ್ಕದವರನ್ನು ‘ನಿಮ್ಮ 5531 ಏನ್ ರೇಟಿಗೆ ಹೋತ್ರೀ ಕಾಕಾ?’ ಎಂದು ಕೇಳಿದರು. ಆಗಷ್ಟೇ ಹಳೆಯ ಟ್ರ್ಯಾಕ್ಟರ್ ಮಾರಿ ಬಂದಿದ್ದ ಕಾಕಾ ಹೋಳಿಗೆ ಮುರಿಯುತ್ತ ‘ನಾಕು ಲಕ್ಷಕ್ಕ ಕೊಟ್ಟೆ ತಮ್ಮಾ’ ಎಂದರು. ಕೇಳಿದವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ‘ಕ್ವಿಂಟಲಿಗೇನ್ರೀ?’

ಆದರೆ ಈ ಅಂಕಿಗಳಲ್ಲಿ ಹೆಚ್ಚಿನವು ಮಾತಿಗೆ ತಪ್ಪುವವಲ್ಲ. 104ನೇ ಮೈಲು ಅಂದರೆ ಅಣೆಕಟ್ಟೆಯಿಂದ ಅಷ್ಟು ಮೈಲು. ಗೊಬ್ಬರದ ಚೀಲದ ಮೇಲೆ 17-17-17 ಎಂದಿದ್ದರೆ ನೂರು ಕಿಲೋದಲ್ಲಿ ಸಾರಜನಕ ಹದಿನೇಳು, ರಂಜಕ ಹದಿನೇಳು, ಪೊಟ್ಯಾಷ್ ಹದಿನೇಳು. 10-26-26 ಎಂದಿದ್ದರೂ ಅದೇ ಲೆಕ್ಕ. ಚೀಲದೊಳಗೆ ಅಷ್ಟಿಲ್ಲದಿದ್ದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ ತೋರಿಸಿ ಕೇಸು ಹಾಕಬಹುದು. ಬಿಪಿಟಿ 5204 ಎಂಬಲ್ಲಿ ಬಾಪಟ್ಲ ಇದೆ, ಆರ್‌ಎನ್‌ಆರ್ 15048 ಎಂಬಲ್ಲಿ ರಾಜೇಂದ್ರನಗರ ಇದೆ. ಹುಟ್ಟಿದ ಊರನ್ನಾದರೂ ಒಪ್ಪಿಕೊಳ್ಳುವಷ್ಟು ಮರ್ಯಾದೆ ಭತ್ತಕ್ಕಿದೆ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಅಂಗೈ ಅಗಲದ ಕೆಂಪು ಬಿಳಿ ಅಕ್ಷರದಲ್ಲಿ ಬರೆದ ಅಂಕಿಗೆ ಮಾತ್ರ ಇಂಥ ಯಾವ ಕಟ್ಟುಪಾಡೂ ಇಲ್ಲ.

ಇದನ್ನು ನನ್ನ ತಲೆಗೆ ಹೊಕ್ಕಿಸಿದವರು ದೇವದುರ್ಗ ತಾಲ್ಲೂಕಿನ ನನ್ನ ಸೋದರಮಾವ. ಎರೆಭೂಮಿಯ ಒಕ್ಕಲುತನ, ಬಾಯಿಲೆಕ್ಕದಲ್ಲಿ ಗಟ್ಟಿ ಆಸಾಮಿ. ಗಂಜಿನ ದಲ್ಲಾಳಿ ಕ್ಯಾಲ್ಕುಲೇಟರ್ ಒತ್ತುವಷ್ಟರಲ್ಲಿ ಹಮಾಲಿ, ತೂಕ, ಕಮಿಷನ್ ಎಲ್ಲ ಕಳೆದು ಉಳಿದದ್ದನ್ನು ಹೇಳಿ ಕೂತಿರುತ್ತಾರೆ. ಹೊಸ ಟ್ರ್ಯಾಕ್ಟರ್ ತೆಗೆದುಕೊಳ್ಳುವ ವಿಚಾರ ಬಂದಾಗ ನನ್ನನ್ನೂ ಷೋರೂಮುಗಳಿಗೆ ಎಳೆದುಕೊಂಡು ಹೋದರು. ಅಲ್ಲಿಯ ಹುಡುಗ ಪಾಪ, ಟೈ ಕಟ್ಟಿಕೊಂಡು, ಬಣ್ಣದ ಕಾಗದ ಹಿಡಿದು, ಗಿಳಿಪಾಠ ಒಪ್ಪಿಸಿದ. ಮಹೀಂದ್ರ 275, ಮೂವತ್ತೊಂಬತ್ತು ಎಚ್‌ಪಿ. 475, ನಲವತ್ತೆರಡು. 575, ನಲವತ್ತೈದು. 585, ಐವತ್ತು. ಮಾವ ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

‘ಅಲ್ಲೋ ಅಳಿಯಾ, 275ರಿಂದ 575ಕ್ಕ ಹೋದರ ಮುನ್ನೂರು ಹೆಚ್ಚಾತು. ಎಚ್‌ಪಿ ಆರೇ ಹೆಚ್ಚಾತು. 575ರಿಂದ 585ಕ್ಕ ಹೋದರ ಹತ್ತು ಹೆಚ್ಚಾತು, ಎಚ್‌ಪಿ ಐದು ಹೆಚ್ಚಾತು. ಮದಲಿನ ಮುನ್ನೂರು ಎಲ್ಲಿ ಹೋತು?’

ಹುಡುಗ ನನ್ನ ಮುಖ ನೋಡಿದ. ನಾನು ಟ್ರ್ಯಾಕ್ಟರಿನ ಟೈರು ನೋಡಿದೆ.

ಆ ಮುನ್ನೂರು ಎಲ್ಲಿಯೂ ಹೋಗಿಲ್ಲ, ಮೊದಲಿಂದಲೂ ಇರಲೇ ಇಲ್ಲ. 275 ಎಂಬುದು ಹಡಗಿನಲ್ಲಿ ಬಂದ ಹೆಸರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ಅಮೆರಿಕದ ಕಂಪನಿಗೆ ಇಂಗ್ಲೆಂಡಿನ ಡಾಂಕಾಸ್ಟರಿನಲ್ಲಿ ಒಂದು ಕಾರ್ಖಾನೆ ಇತ್ತು. 1956ರಲ್ಲಿ ಅಲ್ಲಿ ಬಿ-250 ತಯಾರಾಯಿತು. ಎರಡು ವರ್ಷಕ್ಕೆ ಅದನ್ನೇ ತಿದ್ದಿ ತೀಡಿ ಬಿ-275 ಅಂದರು. 1963ರಲ್ಲಿ ಮಹೀಂದ್ರದವರು ಆ ಕಂಪನಿಯ ಜೊತೆ ಸೇರಿ ಮುಂಬೈಯ ಕಾಂದಿವಲಿಯಲ್ಲಿ ಟ್ರ್ಯಾಕ್ಟರ್ ಮಾಡಲು ಹೊರಟಾಗ ಯಂತ್ರದ ಜೊತೆ ಅಂಕಿಯೂ ಬಂತು. ಅದರ ಶಕ್ತಿ ಇದ್ದದ್ದು 35 ಎಚ್‌ಪಿ. 275ಕ್ಕೂ 35ಕ್ಕೂ ಅವತ್ತೂ ಸಂಬಂಧವಿರಲಿಲ್ಲ. ಆದರೆ ಜನ ಆ ಅಂಕಿಗೆ ಒಗ್ಗಿದರು, ಮಾರಾಟವಾಯಿತು, ಮಾರಾಟವಾದ ಅಂಕಿಯನ್ನು ಯಾವ ಕಂಪನಿಯೂ ಬಿಡುವುದಿಲ್ಲ. 265, 475, 575 ಎಲ್ಲ ಆ ಮನೆಯಲ್ಲಿ ಹುಟ್ಟಿದ ಮಕ್ಕಳು. ಮಕ್ಕಳಿಗೆ ಹೆಸರಿಡುವಾಗ ಯಾರೂ ತೂಕ ಹಾಕಿ ನೋಡುವುದಿಲ್ಲವಲ್ಲ.

ಮ್ಯಾಸಿಯವರದು ಇನ್ನೂ ಚೆಂದ. ಹ್ಯಾರಿ ಫರ್ಗುಸನ್ ಎಂಬ ಐರಿಷ್ ಹಟಮಾರಿ 1946ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿಸಿದ ಬೂದು ಬಣ್ಣದ ಟ್ರ್ಯಾಕ್ಟರಿಗೆ ಟಿಇ-20 ಎಂದು ಹೆಸರು. ಟ್ರ್ಯಾಕ್ಟರ್, ಇಂಗ್ಲೆಂಡ್, ಇಪ್ಪತ್ತು ಎಚ್‌ಪಿ ಆಸುಪಾಸು. ಇಷ್ಟು ನೇರವಾಗಿ ಹೆಸರಿಟ್ಟವರು ಕಡಿಮೆ. ಇವತ್ತು ನಮ್ಮ ಟ್ರ್ಯಾಕ್ಟರ್‌ಗಳ ಹಿಂದೆ ಕುಂಟೆ, ನೇಗಿಲು, ರೋಟವೇಟರ್ ಸಿಕ್ಕಿಸುವ ಆ ಮೂರು ಕೊಂಡಿಗಳ ಏರ್ಪಾಟೂ ಅವನದೇ. ಅವನ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಕೂಡಿಕೆಯಾದ ಮೇಲೆ ಬಂದದ್ದು 35. ಅದೂ ಸುಮಾರು ಮೂವತ್ತೈದು ಎಚ್‌ಪಿಯದೇ, ಹೇಳಿದ ಮಾತು ಸರಿ. 1964ಕ್ಕೆ ಹೊಸ ಸರಣಿ ಬಂತು. ಮಾಡೆಲ್ ಹೊಸದು ಎಂದು ತೋರಿಸಬೇಕು, ಹಳೆಯ ಗಿರಾಕಿಯೂ ಬೆದರಬಾರದು. 35ರ ಮುಂದೆ ಒಂದು ಅಂಟಿಸಿ 135 ಮಾಡಿದರು. ಮುಂದೆ 235 ಬಂತು. ಚೆನ್ನೈಯ ಟಾಫೆ ಕಂಪನಿ ನಮಗೆ ಕೊಟ್ಟದ್ದು 1035. ಸಾವಿರದ ಮೂವತ್ತೈದು! ಕೇಳಿದವರಿಗೆ ರೈಲು ಎಳೆಯುವ ಎಂಜಿನ್ ಅನ್ನಿಸಬೇಕು. ಆದರೆ ಅದು 36 ಎಚ್‌ಪಿಯ ಸಾಧು ಪ್ರಾಣಿ. ಹಿಂದೆ 35 ಇದ್ದಹಾಗೇ ಇದೆ, ಮುಂದೆ ಮಾತ್ರ ಕಾಲಕಾಲಕ್ಕೆ ಏನೋ ಒಂದು ಬಂದು ಕೂರುತ್ತದೆ.

ಹಾಗಾದರೆ ತಲೆ ಬಿಟ್ಟು ಬಾಲ ನೋಡಬೇಕು ಎಂಬ ಸೂತ್ರ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಸ್ವರಾಜ್ ವಿಷಯದಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿ, ಪಂಜಾಬ್ ಟ್ರ್ಯಾಕ್ಟರ್ಸ್ ಮೊಹಾಲಿಯಲ್ಲಿ ಕಟ್ಟಿ, 1974ರಲ್ಲಿ ಹೊರಬಿಟ್ಟದ್ದು ಸ್ವರಾಜ್ 724. ಆಮೇಲೆ 735, 744, 855. ಬಾಲದ ಎರಡಂಕಿ ಎಚ್‌ಪಿಯ ಅಕ್ಕಪಕ್ಕದಲ್ಲೇ ಸುಳಿದಾಡುತ್ತದೆ. ಮುಂದಿನ ಏಳು ಯಾಕೆ ಎಂದು ನಮ್ಮ ಕಡೆ ಕೇಳಿದರೆ ಒಬ್ಬ ಮೆಕ್ಯಾನಿಕ್ ಎಪ್ಪತ್ತರ ದಶಕದ್ದು ಅನ್ನುತ್ತಾನೆ, ಡೀಲರ್ ಏಳು ಕುದುರೆಯ ಸೂರ್ಯನ ಕಥೆ ಹೇಳುತ್ತಾನೆ, ನಮ್ಮ ಮಾವ ‘ಎದ್ದೇಳು ಅಂತ ಇರಬೇಕು’ ಎಂದು ನಗುತ್ತಾರೆ. ಮೂವರಲ್ಲಿ ಮಾವನ ಮಾತೇ ನನಗೆ ಒಪ್ಪಿತ.

ಆದರೆ ಬಾಲದ ಸೂತ್ರ ಐಷರ್ ಮುಂದೆ ಬಿದ್ದುಹೋಗುತ್ತದೆ. 1959ರಲ್ಲಿ ಫರೀದಾಬಾದಿನಲ್ಲಿ ದೇಶದ ಮೊದಲ ಟ್ರ್ಯಾಕ್ಟರ್ ಕಟ್ಟಿದ ಹಿರಿಮೆ ಆ ಹೆಸರಿನದು. ಅದರ 548 ನಲವತ್ತೆಂಟರ ಹತ್ತಿರವೇ ಇದೆ, ಒಪ್ಪಿದೆ. 485 ಎಂಬತ್ತೈದೇ? ಅಲ್ಲ, ನಲವತ್ತೈದು. 380 ಎಂಬತ್ತೇ? ಅಲ್ಲ, ನಲವತ್ತು. ಇದಕ್ಕಿಂತ ದೊಡ್ಡ ತಮಾಷೆ 241ರದು. ಮ್ಯಾಸಿ 241 ಎಂದರೆ ಮೂರು ಸಿಲಿಂಡರಿನ 42 ಎಚ್‌ಪಿ. ಐಷರ್ 241 ಎಂದರೆ ಒಂದೇ ಸಿಲಿಂಡರಿನ 25 ಎಚ್‌ಪಿ. 2005ರಲ್ಲಿ ಐಷರ್ ಟ್ರ್ಯಾಕ್ಟರನ್ನು ಟಾಫೆಯವರೇ ಕೊಂಡರು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು. ಅಜ್ಜನ ಹೆಸರನ್ನು ಅಣ್ಣನ ಮಗನಿಗೂ ತಮ್ಮನ ಮಗನಿಗೂ ಇಟ್ಟು, ದೊಡ್ಡ ಬಸವ, ಸಣ್ಣ ಬಸವ ಎಂದು ಕರೆಯುವ ನಮ್ಮ ಊರಿಗೆ ಇದೇನೂ ವಿಚಿತ್ರವಲ್ಲ. ಬಿಡಿಭಾಗದ ಅಂಗಡಿಯಲ್ಲಿ ‘241ದು ಪಿಸ್ಟನ್ ಕೊಡ್ರಿ’ ಎಂದು ಪೂರ್ತಿ ಹೇಳದೆ ನಿಂತವನಿಗೆ ಮಾತ್ರ ತೊಂದರೆ.

ಜಾನ್ ಡಿಯರ್ ಪುಣೆಯ ಹತ್ತಿರ ಸಣಸವಾಡಿಯಲ್ಲಿ ತಯಾರಾಗುತ್ತದೆ. ಅವರ 5050ಯಲ್ಲಿ ಮೊದಲ 5 ಸರಣಿ, ಉಳಿದ 050 ಎಂದರೆ ಐವತ್ತು ಎಚ್‌ಪಿ. 5045 ಎಂದರೆ ನಲವತ್ತೈದು. ಭಲೆ, ಕೊನೆಗೂ ನೆಟ್ಟಗೆ ಮಾತಾಡುವವರು ಸಿಕ್ಕರು ಅಂದುಕೊಳ್ಳುತ್ತೀರಿ. ಅದೇ ಸಾಲಿನಲ್ಲಿ 5105 ನಿಂತಿರುತ್ತದೆ. ನೂರೈದು ಎಚ್‌ಪಿ ಎಂದು ಹಿಗ್ಗಬೇಡಿ, ಅದು ನಲವತ್ತು. 5310ರಲ್ಲಿ ಮುನ್ನೂರ ಹತ್ತು ಹುಡುಕಬೇಡಿ, ಐವತ್ತೈದು. ಇವು ಹಳೆಯ ಪದ್ಧತಿಯವು, ಅವು ಹೊಸ ಪದ್ಧತಿಯವು. ಹೊಸ ಸೊಸೆ, ಹಳೆ ಅತ್ತೆ ಒಂದೇ ಅಡುಗೆಮನೆಯಲ್ಲಿ ಇದ್ದರೆ ಹೊರಗಿನವರು ಡಬ್ಬಿ ತೆಗೆದು ನೋಡದೆ ಯಾವುದು ಸಕ್ಕರೆ, ಯಾವುದು ಉಪ್ಪು ಎಂದು ಹೇಳುವಂತಿಲ್ಲ.

ಕರ್ನಾಟಕದ ಪಾಲು ಇದರಲ್ಲಿ ಇಲ್ಲವೇ ಎಂದು ಕೇಳಬಹುದು, ಇದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡಿದ್ದ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಜೊತೆಗೂಡಿ ಟ್ರ್ಯಾಕ್ಟರ್ ಶುರುಮಾಡಿತು. ಕೈಗಡಿಯಾರಗಳಿಗೆ ಜನತಾ, ಕಾಂಚನ, ಕೋಹಿನೂರ್ ಎಂದು ಮುದ್ದಾಗಿ ಹೆಸರಿಟ್ಟ ಕಂಪನಿ ಟ್ರ್ಯಾಕ್ಟರಿಗೆ ಬಂದಾಗ 2511, 3522, 5911 ಎಂದು ಕಚೇರಿಯ ಕಡತದ ಮುಖ ಮಾಡಿತು. ಹೇಳಬೇಕಾದ ಮಾತೆಂದರೆ, ಆ ಕಡತ ಸುಳ್ಳು ಹೇಳುತ್ತಿರಲಿಲ್ಲ. ಮೊದಲ ಎರಡಂಕಿ ಎಚ್‌ಪಿ. 5911 ಎಂದರೆ ಐವತ್ತೊಂಬತ್ತು. ಗಡಿಯಾರದಂತೆ ಟ್ರ್ಯಾಕ್ಟರ್ ಘಟಕವೂ ಉಳಿಯಲಿಲ್ಲ, 2016ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಬೆಂಗಳೂರಿನಲ್ಲೇ 1967ರಲ್ಲಿ ಹುಟ್ಟಿದ ವಿಎಸ್‌ಟಿಯವರು ಎಚ್‌ಪಿಯ ಬಾಲಕ್ಕೆ ಸೊನ್ನೆಯೊಂದನ್ನು ಕಟ್ಟುವ ದಾರಿ ಹಿಡಿದರು. 130 ಎಂದರೆ ಹದಿಮೂರು ಎಚ್‌ಪಿಯ ಟಿಲ್ಲರ್, 270 ಎಂದರೆ ಇಪ್ಪತ್ತೇಳರ ಪುಟ್ಟ ಟ್ರ್ಯಾಕ್ಟರ್. ಸೊನ್ನೆಗೆ ಬೆಲೆ ಇಲ್ಲ ಎಂದವರು ಯಾರು?

ಅಂಕಿಗೆ ಲಗಾಮು ಹಾಕಬೇಕು ಎಂದು ಯೋಚಿಸಿದವರಲ್ಲಿ ಒಬ್ಬ ರೈತನೂ ಇದ್ದ. ಅವನ ಕಥೆ ನನಗೆ ಬಹಳ ಇಷ್ಟ. ನೂರು ವರ್ಷದ ಹಿಂದಿನ ಮಾತು. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಕೆಲವರು ಫೋರ್ಡ್ ಎಂಬ ಅಡ್ಡಹೆಸರಿನ ಒಬ್ಬ ಆಸಾಮಿಯನ್ನು ಹುಡುಕಿ ಸೇರಿಸಿಕೊಂಡು, ಆ ಹೆಸರಿನ ಬಲದ ಮೇಲೆ ‘ಫೋರ್ಡ್’ ಟ್ರ್ಯಾಕ್ಟರ್ ಮಾರಲು ಕೂತರು. ಕಾರು ಮಾಡುವ ಹೆನ್ರಿ ಫೋರ್ಡಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ. ನಿಜವಾದ ಹೆನ್ರಿ ಫೋರ್ಡ್ ಟ್ರ್ಯಾಕ್ಟರ್ ಮಾಡಿದಾಗ ತನ್ನದೇ ಹೆಸರು ಬೇರೆಯವರ ಕೈಯಲ್ಲಿದ್ದುದರಿಂದ ಅದನ್ನು ಫೋರ್ಡ್‌ಸನ್ ಎಂದು ಕರೆಯಬೇಕಾಯಿತು. ನೆಬ್ರಾಸ್ಕ ರಾಜ್ಯದ ವಿಲ್ಮಟ್ ಕ್ರೋಜಿಯರ್ ಎಂಬ ರೈತ ಹೆಸರು ನಂಬಿ ಆ ಮಿನ್ನಿಯಾಪೊಲಿಸ್ ಯಂತ್ರ ಕೊಂಡ. ಅದು ಹೊಲದಲ್ಲಿ ಕೈಕೊಟ್ಟಿತು. ಸಾಮಾನ್ಯ ರೈತನಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದ. ಈತ ಶಾಸಕನೂ ಆಗಿದ್ದ. 1919ರಲ್ಲಿ ಒಂದು ಕಾನೂನು ಮಾಡಿಸಿದ: ನೆಬ್ರಾಸ್ಕದಲ್ಲಿ ಟ್ರ್ಯಾಕ್ಟರ್ ಮಾರಬೇಕಾದರೆ ಮೊದಲು ಅಲ್ಲಿಯ ವಿಶ್ವವಿದ್ಯಾಲಯ ಅದನ್ನು ಓಡಿಸಿ, ಎಳೆಸಿ, ಹೇಳಿಕೊಂಡಷ್ಟು ಶಕ್ತಿ ಇದೆಯೇ ನೋಡಬೇಕು. 1920ರಲ್ಲಿ ಮೊದಲ ಪರೀಕ್ಷೆಗೆ ನಿಂತದ್ದು ವಾಟರ್‌ಲೂ ಬಾಯ್.

ಆ ಕಾಲದ ಟ್ರ್ಯಾಕ್ಟರ್‌ಗಳ ಹೆಸರು ನೋಡಬೇಕು. ವಾಟರ್‌ಲೂ ಬಾಯ್ 12-25. ಟೈಟಾನ್ 10-20. ನಮ್ಮ ಗೊಬ್ಬರದ ಚೀಲದ ಹಾಗೇ ನಡುವೆ ಗೀಟು. ಮೊದಲ ಅಂಕಿ ನೇಗಿಲು ಎಳೆಯುವಾಗಿನ ಶಕ್ತಿ, ಎರಡನೆಯದು ನಿಂತಲ್ಲೇ ಪಟ್ಟಿ ಹಾಕಿ ರಾಶಿಯ ಯಂತ್ರ ತಿರುಗಿಸುವಾಗಿನ ಶಕ್ತಿ. ಓದು ಬಾರದವನಿಗೂ ಎರಡು ಅಂಕಿ ತಿಳಿದರೆ ಸಾಕಿತ್ತು, ತನಗೆ ಏನು ಸಿಗುತ್ತದೆ ಎಂಬುದು ತಿಳಿಯುತ್ತಿತ್ತು. ಈ ಪದ್ಧತಿ ಯಾಕೆ ಹೋಯಿತೋ ಎಂದು ನನಗೆ ಹೊಟ್ಟೆಯುರಿ. ಎರಡು ಅಂಕಿ ಹೇಳಿದರೆ ಸಣ್ಣದನ್ನೂ ಹೇಳಬೇಕಾಗುತ್ತದೆ, ಅದು ವ್ಯಾಪಾರಕ್ಕೆ ಹಿಡಿಸುವುದಿಲ್ಲ. ಇವತ್ತೂ 45 ಎಚ್‌ಪಿ ಎಂಜಿನ್ ಎಂದು ಬರೆದ ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಗೂಟಕ್ಕೆ, ಅಂದರೆ ರೋಟವೇಟರ್ ತಿರುಗಿಸುವ ಜಾಗಕ್ಕೆ, ಬಂದು ಮುಟ್ಟುವುದು ನಲವತ್ತರ ಆಸುಪಾಸು. ಉಳಿದದ್ದು ದಾರಿಯಲ್ಲಿ ಗೇರು, ಪಂಪು, ಬೇರಿಂಗುಗಳ ಬಾಬತ್ತಿಗೆ ಸಂದಾಯ. ಕಾಲುವೆಯ ಕೊನೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುದುರೆಯ ಲೆಕ್ಕವಾದರೂ ಎಲ್ಲಿಯದು? ಸ್ಕಾಟ್ಲೆಂಡಿನ ಜೇಮ್ಸ್ ವಾಟ್ ತನ್ನ ಉಗಿಯಂತ್ರ ಮಾರಬೇಕಾದಾಗ, ಇದು ಇಷ್ಟು ಕುದುರೆಯ ಕೆಲಸ ಮಾಡುತ್ತದೆ ಎಂದು ಗಿರಾಕಿಗೆ ತಿಳಿಯುವ ಮಾತಿನಲ್ಲಿ ಹೇಳಲು ಹೂಡಿದ ಅಳತೆ ಅದು. ಮಾರುಕಟ್ಟೆಯ ಮಾತು ಮುಂದೆ ವಿಜ್ಞಾನವಾಗಿ 746 ವಾಟ್ ಎಂದು ಪುಸ್ತಕ ಸೇರಿತು. ಇದೇ ಕೆಲಸ ಕೃಷ್ಣಾ ತೀರದಲ್ಲಿ ನಡೆದಿದ್ದರೆ ಎತ್ತಿನ ಶಕ್ತಿ ಎಂಬ ಅಳತೆ ಹುಟ್ಟುತ್ತಿತ್ತು. ಈ ಎರೆಮಣ್ಣಿಗೆಂದೇ ಬೆಳೆದ ಕೃಷ್ಣಾ ಕಣಿವೆಯ ತಳಿ ಎತ್ತುಗಳು ಆನೆಮರಿಯಂಥವು. ಕೃಷಿ ಎಂಜಿನಿಯರಿಂಗ್ ಪಠ್ಯಗಳು ಒಂದು ಜೊತೆ ಎತ್ತಿಗೆ ಸುಮಾರು ಒಂದು ಅಶ್ವಶಕ್ತಿ ಎಂದು ಲೆಕ್ಕ ಹಿಡಿಯುತ್ತವೆ. ಹಾಗೆ ನೋಡಿದರೆ ಮಾವನ ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿರುವುದು ನಲವತ್ತೈದು ಜೊತೆ ಎತ್ತು. ಅಷ್ಟಕ್ಕೆ ಮೇವು ಹಾಕುವ ಬದಲು ಡೀಸೆಲ್ ಹಾಕುತ್ತೇವೆ, ಸಗಣಿಯ ಬದಲು ಕಂತು ಕಟ್ಟುತ್ತೇವೆ.

ಎತ್ತುಗಳ ಅಂಕಿ ನೋಡಬೇಕಾದರೆ ಕಾರಹುಣ್ಣಿಮೆಗೆ ರಾಯಚೂರಿಗೆ ಬನ್ನಿ. ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಕಲ್ಲು ಎಳೆಸುವ ಪಂದ್ಯ ಇರುತ್ತದೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ಎಂದು ವಿಭಾಗ. ಕಲ್ಲು ಕಣ್ಣೆದುರಿಗೇ ಇರುತ್ತದೆ, ಎಷ್ಟು ದೂರ ಎಳೆದವು ಎಂಬುದನ್ನು ಟೇಪು ಹಿಡಿದು ನೋಡುತ್ತಾರೆ. ಇಲ್ಲಿ ಬಾನೆಟ್ಟೂ ಇಲ್ಲ, ಸ್ಟಿಕ್ಕರೂ ಇಲ್ಲ. ಕರ್ನಾಟಕದವೇ ಅಲ್ಲದೆ ತೆಲಂಗಾಣ, ಆಂಧ್ರದ ಎತ್ತುಗಳೂ ಬರುತ್ತವೆ. ಸುತ್ತ ನಿಂತು ಸಿಳ್ಳೆ ಹಾಕುವವರಲ್ಲಿ ಅರ್ಧ ಮಂದಿ ಬಂದಿರುವುದು ಟ್ರ್ಯಾಕ್ಟರಿನಲ್ಲಿ.

ಬರೀ ಅಂಕಿಯಿಂದ ಮನಸ್ಸು ತುಂಬುವುದಿಲ್ಲ ಎಂಬುದು ಕಂಪನಿಗಳಿಗೂ ಗೊತ್ತಾಗಿ, ಅಂಕಿಯ ಪಕ್ಕದಲ್ಲಿ ಹೆಸರುಗಳು ಬಂದವು. ಅರ್ಜುನ್, ಸರಪಂಚ್, ಭೂಮಿಪುತ್ರ, ಯುವರಾಜ್, ಮಹಾಶಕ್ತಿ, ಬಲವಾನ್, ಸಿಕಂದರ್. ಪಂಚಾಯತಿ ಚುನಾವಣೆಯಲ್ಲಿ ಸೋತವರೂ ಸಾಲ ಮಾಡಿ ಸರಪಂಚರಾಗಬಹುದು. ಅರ್ಜುನ ಇದ್ದಾನೆ, ಭೀಮ ಯಾಕಿಲ್ಲ ಎಂದು ಮಾವ ಕೇಳಿದರು. ಎಳೆಯುವ ಕೆಲಸಕ್ಕೆ ಭೀಮನೇ ಸರಿ, ನಿಜ. ಬಹುಶಃ ಊಟದ ಖರ್ಚು ನೆನೆದು ಕೈಬಿಟ್ಟಿರಬೇಕು, ಡೀಸೆಲ್ ಕುಡಿಯುತ್ತದೆ ಎಂಬ ಅಪವಾದ ಟ್ರ್ಯಾಕ್ಟರಿಗೆ ಒಳ್ಳೆಯದಲ್ಲ. 2023ರಲ್ಲಿ ಮಹೀಂದ್ರ ಜಪಾನಿನ ಮಿತ್ಸುಬಿಷಿಯ ಜೊತೆ ಸೇರಿ ರೂಪಿಸಿದ ಸಾಲಿಗೆ ಓಜಾ ಎಂದಿತು. ಓಜಸ್ಸಿನ ಓಜಾ. ಅದರಲ್ಲಿ 2121ಕ್ಕೆ ಇಪ್ಪತ್ತೊಂದು ಎಚ್‌ಪಿ, 3140ಕ್ಕೆ ನಲವತ್ತು. ಬಾಲಕ್ಕೆ ಮತ್ತೆ ನಾಲಿಗೆ ಬಂದಿದೆ.

ಹೆಸರಿಡುವ ವಿದ್ಯೆಯಲ್ಲಿ ನಮ್ಮ ಎರಡು ತಾಲ್ಲೂಕುಗಳು ಕಂಪನಿಗಳಿಗಿಂತ ಎರಡೂವರೆ ಶತಮಾನ ಮುಂದಿದ್ದವು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರ ಅಂಕಿತ ವಿಜಯವಿಠಲ. ಅವರ ಶಿಷ್ಯರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಅವರದು ಗೋಪಾಲವಿಠಲ. ಅವರ ಶಿಷ್ಯರು ಮಾನ್ವಿ ಕಡೆಯ ಬ್ಯಾಗವಾಟದ ಜಗನ್ನಾಥದಾಸರು, ಅವರದು ಜಗನ್ನಾಥವಿಠಲ. ಬಾಲ ಒಂದೇ, ತಲೆ ಬೇರೆ. ಪದದ ಕೊನೆಯ ಸಾಲು ಕೇಳಿದರೆ ಯಾರದು, ಯಾವ ಪರಂಪರೆ ಎಂಬುದು ತಿಳಿಯುತ್ತದೆ. ಒಂದು ಅಂಕಿತವನ್ನು ಇನ್ನೊಬ್ಬರು ಹಾಕಿಕೊಂಡು ಗೊಂದಲ ಮಾಡಲಿಲ್ಲ. ಕಂಪನಿಗಳ ಬ್ರ್ಯಾಂಡ್ ಮ್ಯಾನೇಜರುಗಳನ್ನು ಒಂದು ವಾರ ಮಾನ್ವಿಯ ದಾಸರ ಕಟ್ಟೆಯ ಮೇಲೆ ಕೂರಿಸಿದರೆ 241ರಂಥ ಪ್ರಸಂಗ ಬರುತ್ತಿರಲಿಲ್ಲವೇನೋ.

ಕಂಪನಿ ಇಟ್ಟ ಹೆಸರು ಹಳ್ಳಿಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಬೇರೆ ಮಾತು. ಷೋರೂಮಿನಿಂದ ಹೊರಬಿದ್ದ ಟ್ರ್ಯಾಕ್ಟರ್ ದಾರಿಯಲ್ಲೇ ಎರಡನೇ ಹೆಸರು ಪಡೆಯುತ್ತದೆ, ಅದು ಆರ್‌ಟಿಒ ಕೊಡುವ ಕೆಎ-36. ಟ್ರಾಲಿಗೆ ಬೇರೆ ನಂಬರು. ಗಂಡ ಹೆಂಡತಿಗೆ ಬೇರೆ ಬೇರೆ ಆಧಾರ್ ಇದ್ದಹಾಗೆ ಎಂದು ಹೇಳಿ ನಕ್ಕವರು ಯಾರೋ. ಮೂರನೇ ಹೆಸರು ಪೇಂಟರ್ ಕೊಡುತ್ತಾನೆ: ತಿಂಥಣಿ ಮೌನೇಶ್ವರ ಪ್ರಸನ್ನ, ತಂದೆ ತಾಯಿ ಆಶೀರ್ವಾದ, ಅಪ್ಪು ಬಾಸ್, ಕೆಳಗೆ ಸಣ್ಣದಾಗಿ ಎರಡು ಮಕ್ಕಳ ಹೆಸರು. ನಾಲ್ಕನೆಯದು ಊರು ಕೊಡುವುದು, ಗೌಡ್ರ ಮಹೀಂದ್ರ, ಕ್ಯಾಂಪಿನವರ ಮ್ಯಾಸಿ. ಇಷ್ಟರಲ್ಲಿ 575ನ್ನು ನೆನಪಿಟ್ಟುಕೊಳ್ಳುವವನು ಒಬ್ಬನೇ, ಬಿಡಿಭಾಗದ ಅಂಗಡಿಯವನು. ನಿಜ ಹೇಳಬೇಕೆಂದರೆ ಆ ಅಂಕಿ ಇರುವುದೇ ಅವನಿಗಾಗಿ. ಕ್ಲಚ್ ಪ್ಲೇಟು, ಆಯಿಲ್ ಸೀಲು, ಫಿಲ್ಟರು ಸರಿಯಾದದ್ದು ಸಿಗಬೇಕಾದರೆ ಅದನ್ನೇ ಹೇಳಬೇಕು. ಹೊಲಕ್ಕೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಮಾನ್ವಿಯಲ್ಲಿ ರಸ್ತೆಯ ಪಕ್ಕದ ಒಂದು ತಗಡಿನ ಷೆಡ್ಡಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಕೆಸರುಗದ್ದೆಯಿಂದ ನೇರ ಬಂದ ಟ್ರ್ಯಾಕ್ಟರ್, ಕಬ್ಬಿಣದ ಕೇಜ್ ವ್ಹೀಲಿನ ಪಟ್ಟಿಗಳಿಗೆ ಒಣಗಿದ ಕೆಸರು ಮೆತ್ತಿಕೊಂಡಿತ್ತು. ಬಾನೆಟ್ಟಿನ ಮೇಲೆ 575 ಹೊಳೆಯುತ್ತಿತ್ತು. ಮೆಕ್ಯಾನಿಕ್ ಭಾಯಿ ಬಾನೆಟ್ ಎತ್ತಿ, ಚಿಂದಿ ಬಟ್ಟೆಗೆ ಡೀಸೆಲ್ ಮುಟ್ಟಿಸಿ, ಎಂಜಿನ್ನಿನ ಪಕ್ಕದ ಪುಟ್ಟ ತಗಡನ್ನು ಉಜ್ಜಿದರು. ಜಿಡ್ಡು ಹೋದಮೇಲೆ ಕಂಡದ್ದು ಬೇರೆ ಅಂಕಿ. ‘ನೋಡ್ರಿ ಸರ, ಇದರ ಮುಖ 575, ಹೊಟ್ಟಿ 475’ ಎಂದರು, ಏನೂ ವಿಶೇಷವಿಲ್ಲ ಎಂಬಂತೆ. ಹಳೆಯ ಬಾನೆಟ್ ಯಾವಾಗಲೋ ಜಜ್ಜಿಹೋದಾಗ ಗುಜರಿಯಲ್ಲಿ ಸಿಕ್ಕದ್ದನ್ನು ಹಾಕಿದ್ದರಂತೆ. ಮಾಲೀಕನಿಗೆ ಖರ್ಚಿಲ್ಲದೆ ಬಡ್ತಿ ಸಿಕ್ಕಂತಾಯಿತು. ಗುಜರಿಯ ತನಕ ಹೋಗುವುದೂ ಬೇಡ, ಸ್ಟಿಕ್ಕರ್ ಅಂಗಡಿಯಲ್ಲಿ ಯಾವ ಅಂಕಿ ಬೇಕಾದರೂ ಸಿಗುತ್ತದೆ, ಒಂದಕ್ಕೆ ಇನ್ನೊಂದು ಫ್ರೀ ಕೇಳುವವರೂ ಇದ್ದಾರೆ.

ಈಚೆಗೆ ಅಂಕಿಯ ಆಟ ಬಾನೆಟ್ಟಿನಿಂದ ಇಳಿದು ಎಂಜಿನ್ನಿಗೇ ಬಂದಿದೆ. 2023ರ ಜನವರಿ 1ರಿಂದ 50 ಎಚ್‌ಪಿ ದಾಟಿದ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ಹೊಸ ನಿಯಮ ಬಂತು. ಹೊಗೆ ಕಡಿಮೆ ಮಾಡುವ ಸಲಕರಣೆಗೆ ಖರ್ಚು ಜಾಸ್ತಿ, ರೇಟೂ ಜಾಸ್ತಿ. ಕೂಡಲೇ ಮಾರುಕಟ್ಟೆಯ ತುಂಬ 49 ಚಿಲ್ಲರೆ ಎಚ್‌ಪಿಯ ಟ್ರ್ಯಾಕ್ಟರ್‌ಗಳು ಕಾಣತೊಡಗಿದವು. ಚಪ್ಪಲಿ ಅಂಗಡಿಯ 499 ರೂಪಾಯಿಯ ಲೆಕ್ಕ ಎಂಜಿನ್ನಿಗೂ ತಟ್ಟಿತು. ಹೀಗೆ ಐವತ್ತರ ಹೊಸಿಲ ಮೇಲೆ ಕೂತವುಗಳ ಬಾನೆಟ್ಟಿನ ಮೇಲೆ ಐವತ್ತು, ಐವತ್ತೈದು ಇದ್ದರೂ ಆಶ್ಚರ್ಯಪಡಬೇಡಿ.

ಮಾವ ಕೊನೆಗೆ 575 ತೆಗೆದುಕೊಂಡರು. ಮುನ್ನೂರರ ಲೆಕ್ಕ ಸಿಕ್ಕಿತೇ ಎಂದು ಕೇಳಿದೆ. ‘ಊರಾಗ ಎಲ್ಲಾರ ಹತ್ರನೂ ಅದೇ ಐತಿ, ಕೆಟ್ಟರ ಸಾಮಾನು ಸಿಗತಾವು’ ಎಂದರು. ನಾನು ಕೇಳಿದ ಕಾರಣಗಳಲ್ಲೆಲ್ಲ ಇದೇ ಗಟ್ಟಿ.

ಈ ದಸರೆಗೋ ಯುಗಾದಿಗೋ ನೀವು ಟ್ರ್ಯಾಕ್ಟರ್ ತೆಗೆದುಕೊಳ್ಳುವವರಿದ್ದರೆ ಒಂದು ಮಾತು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಕೇಂದ್ರ ಇದೆ, ನಮಗೆ ಕ್ರೋಜಿಯರನ ಕೆಲಸ ಮಾಡುವವರು ಅವರು. ಟ್ರ್ಯಾಕ್ಟರನ್ನು ಪರೀಕ್ಷೆ ಮಾಡಿ ಪಿಟಿಒ ಶಕ್ತಿ ಎಷ್ಟು, ಎಳೆಯುವ ಬಲ ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತದೆ ಎಂದು ವರದಿ ಬರೆಯುತ್ತಾರೆ. ಷೋರೂಮಿನಲ್ಲಿ ಕೂತು ಅದನ್ನು ಕೇಳಿ, ಪಿಟಿಒದ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡು ನಿಮ್ಮ ರೋಟವೇಟರಿನ ಅಳತೆಗೆ ಹೋಲಿಸಿ ನೋಡಿ. ವರದಿ ಏನೆಂದು ಷೋರೂಮಿನವರೇ ನಿಮ್ಮನ್ನು ಕೇಳಿದರೆ, ಕೊಟ್ಟ ತಂಪು ಕುಡಿದು, ಪುಕ್ಕಟೆ ಟೋಪಿ ಇಸಿದುಕೊಂಡು, ಪಕ್ಕದ ಷೋರೂಮಿಗೆ ನಡೆಯಿರಿ.